ದಿವಾನರ ಕಾಲದ ಮೂರು ಉತ್ತರಗಳು

1953ರ ಮಾರ್ಚ್ 11, ಬುಧವಾರ ಬೆಳಗ್ಗೆ ಹನ್ನೊಂದೂಕಾಲಿಗೆ, ಬೆಂಗಳೂರಿನ ಮ್ಯಾಜಿಸ್ಟ್ರೇಟ್ ನ್ಯಾಯಾಲಯವೊಂದರಲ್ಲಿ ಸುಮಾರು ಆರು ವರ್ಷ ಏಳು ತಿಂಗಳಿಂದ ನಿಂತುಹೋಗಿದ್ದ ಮೊಕದ್ದಮೆಯನ್ನು ಮತ್ತೆ ಕೂಗಿದರು. ಆರೋಪಿಯ ಹೆಸರು ಗುರುಸಿದ್ದಪ್ಪ, ವಯಸ್ಸು ಮೂವತ್ತೈದು. ತರಗುಪೇಟೆಯ ಧಾನ್ಯದ ಮಂಡಿಯೊಂದರಲ್ಲಿ ತೂಕ ಹಾಕುತ್ತಿದ್ದವನು. ತೂಕದ ಕಬ್ಬಿಣದ ಕಲ್ಲನ್ನು ಎಸೆದು ಒಬ್ಬ ಗಾಡಿಯವನನ್ನು ಗಾಯಗೊಳಿಸಿದ ಎಂಬುದು ಅವನ ಮೇಲಿದ್ದ ಆಪಾದನೆ. ಆ ಅಪರಾಧಕ್ಕೆ ಕಾನೂನಿನಲ್ಲಿದ್ದ ಗರಿಷ್ಠ ಶಿಕ್ಷೆ ಮೂರು ವರ್ಷ. ವಿಚಾರಣೆಯೇ ನಡೆಯದೆ ಅವನು ಅದರ ಎರಡರಷ್ಟಕ್ಕಿಂತ ಹೆಚ್ಚು ಕಾಲ ಜೈಲಿನಲ್ಲಿ ಕಳೆದಿದ್ದ.

ನಾನು ಆಗ ಕನ್ನಡ ದಿನಪತ್ರಿಕೆಯೊಂದರ ನ್ಯಾಯಾಲಯ ವರದಿಗಾರ. ಮನೆ ಶಂಕರಪುರದಲ್ಲಿ, ಕಚೇರಿ ಚಾಮರಾಜಪೇಟೆಯಲ್ಲಿ. ಹೇಳಿದವರ ಹೆಸರು, ಕಡತದ ನಂಬರು, ತಾರೀಖು, ಈ ಮೂರೂ ಇಲ್ಲದೆ ಒಂದು ಸಾಲನ್ನೂ ಅಚ್ಚಿಗೆ ಕೊಡಬಾರದು ಎಂಬುದು ನಮ್ಮ ಸಂಪಾದಕರು ಹಾಕಿಕೊಟ್ಟ ಶಿಸ್ತು. ಈ ಪ್ರಕರಣ ನನ್ನ ಬಳಿಗೆ ಬಂದಾಗ ಮೂರರಲ್ಲಿ ಒಂದೂ ಇರಲಿಲ್ಲ. ಒಬ್ಬ ಅಕ್ಕ ಇದ್ದಳು.

ಹಿಂದಿನ ವರ್ಷದ ನವೆಂಬರ್ 10, ಕಾರ್ತಿಕ ಸೋಮವಾರ. ಗವಿಪುರದ ಗುಡಿಗೆ ಹೋಗಿ, ಹಣೆಯ ತುಂಬ ವಿಭೂತಿ ಇಟ್ಟುಕೊಂಡ ನಲವತ್ತೈದರ ಹೆಂಗಸೊಬ್ಬರು ಕಚೇರಿಯ ಮೆಟ್ಟಿಲು ಹತ್ತಿ ಬಂದರು. ಹೆಸರು ನೀಲಮ್ಮ. ಚಾಮರಾಜಪೇಟೆಯ ಐದನೇ ಅಡ್ಡರಸ್ತೆಯ ವಠಾರದಲ್ಲಿ ಊದುಬತ್ತಿ ಹೊಸೆಯುವ ಕೆಲಸ. ಬೆರಳ ತುದಿಗಳೆಲ್ಲ ಕಪ್ಪಾಗಿದ್ದವು.

"ಪೇಪರ್‌ನೋರು ಅಂದ್ರೆ ನೀವೇನಾ?"

"ಹೌದಮ್ಮ. ಕೂತ್ಕೊಳ್ಳಿ."

"ಕೂತ್ಕೊಳ್ಳೋಕೆ ಬಂದಿಲ್ಲ ಸ್ವಾಮಿ. ನನ್ನ ತಮ್ಮ ಜೈಲಲ್ಲಿದಾನೆ. ಹುಚ್ಚು ಬಿಟ್ಟು ನಾಲ್ಕು ವರ್ಷ ಆಯ್ತು. ಅದನ್ನ ಪೇಪರಲ್ಲಿ ಹಾಕಿ."

"ಬಿಟ್ಟಿದೆ ಅಂತ ಯಾರು ಹೇಳಿದ್ರು?"

"ಯಾರು ಹೇಳ್ಬೇಕು? ಹೋದ ತಿಂಗಳು ನೋಡೋಕೆ ಹೋದಾಗ, ‘ಅಕ್ಕ, ನಿನ್ನ ಎಡಗಣ್ಣು ಮಂಜಾಗಿದೆ, ಡಾಕ್ಟರಿಗೆ ತೋರ್ಸು’ ಅಂದ. ಹೊರಗೆ ಬುದ್ಧಿ ನೆಟ್ಟಗಿರೋರು ಇಷ್ಟು ಜನ ಇದೀರಲ್ಲ, ಒಬ್ರಾದ್ರೂ ಅದನ್ನ ನೋಡಿದ್ರಾ?"

ಎದುರಿನ ಮೇಜಿನಲ್ಲಿದ್ದ ನಮ್ಮ ಉಪಸಂಪಾದಕರು ತಲೆ ಎತ್ತದೆ, "ಅಕ್ಕಂದಿರ ಕಣ್ಣಿಗೆ ತಮ್ಮಂದಿರು ಯಾವಾಗ್ಲೂ ನೆಟ್ಟಗೇ ಕಾಣ್ತಾರೆ ಕಣಮ್ಮ" ಎಂದರು.

"ನಿಮಗೆ ಅಕ್ಕ ಇಲ್ಲ ಅಂತ ಕಾಣುತ್ತೆ, ಪಾಪ" ಎಂದರು ನೀಲಮ್ಮ.

ಉಪಸಂಪಾದಕರು ಆಗ ತಲೆ ಎತ್ತಿದರು. ನಾನು ನೋಟ್‌ಬುಕ್ ತೆಗೆದೆ.

ಮರುದಿನ ನ್ಯಾಯಾಲಯದಲ್ಲಿ ಬೆಂಚ್ ಕ್ಲಾರ್ಕ್ ಕಡತ ಹುಡುಕಿಕೊಟ್ಟರು. ಘಟನೆ ನಡೆದದ್ದು 1946ರ ಆಗಸ್ಟ್ 6, ಮಂಗಳವಾರ. ಅದಕ್ಕೆ ಮೂರು ವಾರ ಮೊದಲಿನಿಂದ ಗುರುಸಿದ್ದಪ್ಪ ನಿದ್ದೆ ಬಿಟ್ಟಿದ್ದ. ತಕ್ಕಡಿಯ ತಟ್ಟೆಗಳು ತನ್ನ ಹೆಸರು ಹಿಡಿದು ಬಯ್ಯುತ್ತಿವೆ ಎನ್ನುತ್ತಿದ್ದ. ಅಂದು ಮಂಡಿಯ ಮುಂದೆ ಗಾಡಿ ನಿಲ್ಲಿಸಿದ ಮುನಿಯಪ್ಪ ಎಂಬವನತ್ತ ಕಲ್ಲು ಎಸೆದ. ಅದು ಬಲ ಭುಜಕ್ಕೆ ಬಿತ್ತು. ಆರೋಪಿಯ ಚಿತ್ತ ಸ್ವಸ್ಥವಾಗಿಲ್ಲ, ತನ್ನ ಪರವಾಗಿ ವಾದಿಸಿಕೊಳ್ಳುವ ಶಕ್ತಿ ಅವನಿಗಿಲ್ಲ ಎಂದು ವೈದ್ಯರು ಹೇಳಿದರು. ಅಂಥವನ ವಿಚಾರಣೆ ನಡೆಸಬಾರದು ಎಂಬುದು ಕಾನೂನು, ಮತ್ತು ಅದು ಒಳ್ಳೆಯ ಕಾನೂನೇ. ಗುಣವಾದನೆಂದು ಕಾರಾಗೃಹ ಇಲಾಖೆಯ ಮುಖ್ಯಾಧಿಕಾರಿಯಿಂದ ಪ್ರಮಾಣಪತ್ರ ಬರುವವರೆಗೆ ವಿಚಾರಣೆಯನ್ನು ಮುಂದೂಡಿ, ಆರೋಪಿಯನ್ನು ಸುರಕ್ಷಿತವಾಗಿ ಇಡತಕ್ಕದ್ದೆಂದು ಆಗಸ್ಟ್ 19ರಂದು ಆದೇಶವಾಗಿತ್ತು. ಕಡತದ ಕೊನೆಯ ಹಾಳೆ ಅದೇ.

"ಈ ಫೈಲು ಸತ್ತಿಲ್ಲ ಸಾರ್, ಮಲಗಿದೆ" ಎಂದರು ಕ್ಲಾರ್ಕ್.

"ಎಬ್ಬಿಸೋರು ಯಾರು?"

"ಜೈಲಿಂದ ಕಾಗದ ಬರ್ಬೇಕು. ಬಂದಿಲ್ಲ ಅಂತ ನಾವು ಕೇಳೋ ಪದ್ಧತಿ ಇಲ್ಲ. ಕೇಳಿದ ಹೊರತು ಅವರು ಕಳ್ಸೋ ಪದ್ಧತಿ ಇಲ್ಲ."

ಜೈಲಿನ ಪ್ರತ್ಯೇಕ ವಾರ್ಡಿನಲ್ಲಿದ್ದ ಇಂಥವರನ್ನು ವರ್ಷಕ್ಕೊಮ್ಮೆ ಪರೀಕ್ಷಿಸಿ ಅಭಿಪ್ರಾಯ ಬರೆಯಲು ವೈದ್ಯರ ಜೊತೆಗೆ ಸರ್ಕಾರದ ಹೊರಗಿನ ಗೌರವ ಸಂದರ್ಶಕರೊಬ್ಬರು ಇರುತ್ತಿದ್ದರು. ಆಗ ಆ ಕೆಲಸದಲ್ಲಿದ್ದವರು ತ್ಯಾಗರಾಜನಗರದ ಅನಂತರಾಮಯ್ಯನವರು, ನಿವೃತ್ತ ಹೆಡ್‌ಮಾಸ್ಟರ್. ನಾನು ಸೈಕಲ್ ತುಳಿದುಕೊಂಡು ಅವರ ಮನೆಗೆ ಹೋದೆ. ಅವರು ಮುಚ್ಚುಮರೆ ಮಾಡಲಿಲ್ಲ. ಒಳಗಿನಿಂದ ಕಾಗದದ ರಟ್ಟು ಹಾಕಿದ ನೋಟ್‌ಬುಕ್ ತಂದು ತೊಡೆಯ ಮೇಲೆ ಬಿಡಿಸಿದರು.

"ಎಂಟು ಪ್ರಶ್ನೆ. ಎಲ್ಲರಿಗೂ ಅವೇ ಎಂಟು. ಒಬ್ಬನಿಗೆ ಸುಲಭ, ಒಬ್ಬನಿಗೆ ಕಷ್ಟ ಅನ್ನೋ ಮಾತು ನನ್ನ ಹತ್ರ ಇಲ್ಲ."

ಮೊದಲ ಐದು: ಹೆಸರು, ಊರು, ಇಂದು ಯಾವ ವಾರ, ಒಂದು ಕೂಡುವ ಲೆಕ್ಕ, ಇಲ್ಲಿಗೆ ಯಾಕೆ ಬಂದೆ. ಗುರುಸಿದ್ದಪ್ಪ ಐದಕ್ಕೂ ಸರಿಯಾಗಿ ಉತ್ತರಿಸಿದ್ದ. ಹದಿನೇಳಕ್ಕೆ ಇಪ್ಪತ್ತಾರು ಕೂಡಿಸು ಎಂಬುದಕ್ಕೆ ಪ್ರಶ್ನೆ ಮುಗಿಯುವ ಮೊದಲೇ ನಲವತ್ತಮೂರು ಎಂದಿದ್ದನಂತೆ, ತೂಕದ ಕೆಲಸದವನು. ಇಲ್ಲಿಗೆ ಯಾಕೆ ಬಂದೆ ಎಂಬುದಕ್ಕೆ, "ಗಾಡಿಯವನ ಮೇಲೆ ಕಲ್ಲು ಎಸೆದೆ, ತಪ್ಪಾಯ್ತು" ಎಂದಿದ್ದ.

ಉಳಿದ ಮೂರಕ್ಕೆ ಹೆಡ್‌ಮಾಸ್ಟರು ಇಟ್ಟ ಹೆಸರು ಲೋಕಜ್ಞಾನ. ದೇಶದ ಮುಖ್ಯಸ್ಥರು ಯಾರು? ಮಹಾರಾಜರು. ಮೈಸೂರಿನ ಸರ್ಕಾರ ನಡೆಸುವವರು ಯಾರು? ದಿವಾನರು. ನಮ್ಮ ಬಾವುಟ ಯಾವುದು? ಗಂಡಭೇರುಂಡದ್ದು. 1950ರಲ್ಲೂ ಹೀಗೇ, 1951ರಲ್ಲೂ ಹೀಗೇ, 1952ರಲ್ಲೂ ಹೀಗೇ. ಗಣರಾಜ್ಯವಾದ ವರ್ಷ ಹೆಡ್‌ಮಾಸ್ಟರು ತಮ್ಮ ಬಳಿಯಿದ್ದ ಹಳೆಯ ಉತ್ತರಗಳನ್ನು ಹೊಡೆದುಹಾಕಿ ಕೆಂಪು ಶಾಯಿಯಲ್ಲಿ ಹೊಸವನ್ನು ಬರೆದುಕೊಂಡಿದ್ದರು.

"ಮೂರು ಸಲವೂ ಅದೇ ತಪ್ಪು. ‘ಭ್ರಮೆ ಇನ್ನೂ ಉಳಿದಿದೆ’ ಅಂತ ನಾನೇ ಬರೆದೆ. ನಾನು ಕರುಣೆಯಿಂದ ಪಾಸು ಮಾಡಿಬಿಟ್ಟು, ನಾಳೆ ಅವನು ಹೊರಗೆ ಬಂದು ಇನ್ನೊಬ್ಬರ ತಲೆ ಒಡೆದ್ರೆ? ಆ ತಲೆಗೆ ಯಾರಯ್ಯ ಹೊಣೆ?"

ಮನೆಗೆ ಹಿಂತಿರುಗುವಾಗ ಆ ಮೂರು ಉತ್ತರಗಳು ತಲೆಯಲ್ಲಿ ಉಳಿದವು. ಭ್ರಮೆ ಎಂಬುದು ಇಷ್ಟು ಕ್ರಮವಾಗಿರುವುದಿಲ್ಲ. ಪತ್ರಿಕೆಯಲ್ಲಿ ಕೆಲಸ ಮಾಡುವವನಿಗೆ ಅವು ಬೇರೆ ರೀತಿ ಕಂಡವು: ಮೂರೂ ಒಂದೇ ದಿನದ ಸುದ್ದಿಯ ಹಾಗಿದ್ದವು.

ಮರುದಿನ ಕಚೇರಿಯ ಹಳೆಯ ಸಂಚಿಕೆಗಳ ಕೋಣೆಯಿಂದ 1946ರ ಎರಡನೆಯ ಅರ್ಧವರ್ಷದ ಬೈಂಡನ್ನು ಸಂಪಾದಕರ ಅನುಮತಿ ಪಡೆದು ತೆಗೆದುಕೊಂಡೆ. ಸೈಕಲ್ಲಿನ ಕ್ಯಾರಿಯರ್‌ಗೆ ಹಗ್ಗದಿಂದ ಕಟ್ಟಿ ತ್ಯಾಗರಾಜನಗರಕ್ಕೆ ಒಯ್ದೆ. ಆಗಸ್ಟ್ ಮೊದಲ ವಾರದ ಹಾಳೆಗಳನ್ನು ತೆರೆದು ಹೆಡ್‌ಮಾಸ್ಟರ ಮುಂದಿಟ್ಟೆ. ಅವರು ಭೂತಗನ್ನಡಿ ಹಿಡಿದು ಒಂದೊಂದೇ ಕಾಲಂ ಓದಿದರು. ಮಹಾರಾಜರು, ದಿವಾನರು, ಅರಮನೆಯ ಮೇಲಿನ ಗಂಡಭೇರುಂಡ.

"ಆ ವಾರ್ಡಿಗೆ ಪೇಪರ್ ಬರಲ್ವೇನಯ್ಯ?" ಎಂದು ಕೇಳಿದರು.

"ಒಳಗೆ ಹೋಗಿ ಬರೋರು ನೀವು ಸಾರ್. ನೀವೇ ಹೇಳ್ಬೇಕು."

ಅವರು ಮೂರು ವರ್ಷದಿಂದ ಹೋಗಿಬರುತ್ತಿದ್ದರು. ಅಲ್ಲಿ ಒಂದು ಪತ್ರಿಕೆಯನ್ನೂ ಕಂಡಿರಲಿಲ್ಲ, ಕಾಣಲಿಲ್ಲವೆಂದು ಅನಿಸಿಯೂ ಇರಲಿಲ್ಲ. ಕೊನೆಗೆ ಭೂತಗನ್ನಡಿಯನ್ನು ಕೆಳಗಿಟ್ಟರು.

"ಪಾಠ ಮಾಡದೆ ಪರೀಕ್ಷೆ ಇಟ್ಟೆನಲ್ಲಯ್ಯ ನಾನು. ಮೂವತ್ತು ವರ್ಷ ಮೇಷ್ಟ್ರಾಗಿದ್ದೋನು. ಮೂರು ಸಲ ಫೇಲ್ ಮಾಡ್ದೆ." ಮತ್ತೆ, "ಅದೂ ಅಲ್ದೆ, ಮಹಾರಾಜರು ಈಗಲೂ ರಾಜ್ಯದ ರಾಜಪ್ರಮುಖರು. ಆ ಉತ್ತರಕ್ಕೆ ಅರ್ಧ ಮಾರ್ಕಾದ್ರೂ ಕೊಡಬೇಕಿತ್ತು."

ಪತ್ರಿಕೆ ಬಾರದಿರುವುದಕ್ಕೆ ಕಾರಣ ಕ್ರೌರ್ಯವಾಗಿರಲಿಲ್ಲ. ಯುದ್ಧದ ಕಾಲದಲ್ಲಿ ಆ ವಾರ್ಡಿನ ಒಬ್ಬ ಬಾಂಬಿನ ಸುದ್ದಿ ಓದಿ ಗೋಡೆಗೆ ತಲೆ ಚಚ್ಚಿಕೊಂಡಿದ್ದ. ಆಗಿನ ವೈದ್ಯರು, ಉದ್ರೇಕವಾಗುವ ಯಾವ ಸುದ್ದಿಯನ್ನೂ ಒಳಗೆ ಬಿಡಬಾರದೆಂದು ನಿಯಮ ಮಾಡಿದರು. ಯುದ್ಧ ಮುಗಿಯಿತು, ನಿಯಮ ಉಳಿಯಿತು. ರೋಗಿಗಳ ಒಳ್ಳೆಯದಕ್ಕೆಂದು ಮಾಡಿದ ನಿಯಮ ಒಂದು ಕಡೆ, ನ್ಯಾಯವಾಗಿರಲೆಂದು ಬರೆದ ಪ್ರಶ್ನೆಗಳು ಇನ್ನೊಂದು ಕಡೆ. ಎರಡರ ನಡುವೆ ಒಬ್ಬ ಮನುಷ್ಯ ಸಿಕ್ಕಿಕೊಂಡಿದ್ದ. ತಮ್ಮನಿಗೆ ಇದನ್ನೆಲ್ಲ ಯಾಕೆ ಹೇಳಲಿಲ್ಲ ಎಂದು ನೀಲಮ್ಮನವರನ್ನು ಕೇಳಿದ್ದಕ್ಕೆ ಅವರು, "ತಿಂಗಳಿಗೊಂದು ಸಲ, ಹದಿನೈದು ನಿಮಿಷ. ಮನೆ ಸುದ್ದಿ ಹೇಳೋಕೇ ಸಾಲಲ್ಲ. ದಿವಾನರು ಹೋದ್ರು ಅನ್ನೋದನ್ನ ಯಾರು ನೆನಪಿಟ್ಕೋತಾರೆ?" ಎಂದರು.

ಹೆಡ್‌ಮಾಸ್ಟರು ಆ ವಾರ್ಡಿಗೆ ಬಂದಿದ್ದ ಹೊಸ ವೈದ್ಯರ ಬಳಿಗೆ ಹೋದರು. ವೈದ್ಯರು ಮೊದಲು ಒಪ್ಪಲಿಲ್ಲ. "ಪೇಪರ್ ಓದಿದ್ರೆ ನನಗೇ ನಿದ್ದೆ ಬರಲ್ಲ ಸಾರ್. ಇವರಿಗೆ ಕೊಡಲಾ?" ಎಂದರಂತೆ. ಆಮೇಲೆ ತಾವೇ ಹಳೆಯ ಟಿಪ್ಪಣಿಗಳನ್ನು ತಿರುವಿ ನೋಡಿದರು. 1948ರ ಬೇಸಿಗೆಯಿಂದೀಚೆಗೆ ಎಲ್ಲ ಟಿಪ್ಪಣಿಯೂ ಒಂದೇ: ಶಾಂತ, ಊಟ ಸರಿ, ನಿದ್ರೆ ಸರಿ. ವಾರಕ್ಕೆರಡು ದಿನ ಹೆಡ್‌ಮಾಸ್ಟರು ಹೋಗಿ, ಹಳೆಯ ಸುದ್ದಿಯಿಂದ ಹಿಡಿದು ವರ್ಷವರ್ಷವಾಗಿ ಪಾಠ ಮಾಡಬಹುದೆಂದು ತೀರ್ಮಾನವಾಯಿತು.

1953ರ ಜನವರಿಯ ಒಂದು ಶನಿವಾರ ಅನುಮತಿ ಪಡೆದು ನನ್ನನ್ನೂ ಕರೆದೊಯ್ದರು. ವಾರ್ಡಿನ ಅಂಗಳದ ಕಲ್ಲುಬೆಂಚಿನ ಮೇಲೆ ತಲೆ ಬೋಳಿಸಿದ, ತೆಳ್ಳನೆಯ ಮನುಷ್ಯ ಕೂತಿದ್ದ. ನಮ್ಮನ್ನು ಕಂಡು ಎದ್ದು ಕೈಮುಗಿದ. ಅಂದಿನ ಪಾಠ 1950ರ ಜನವರಿಯ ಪತ್ರಿಕೆ. ಬೆರಳಿಟ್ಟು ಓದಿ ಮುಗಿಸಿ ಕೇಳಿದ:

"ಹಾಗಾದ್ರೆ ದಿವಾನರು ಇಲ್ವೇ ಇಲ್ವಾ ಸ್ವಾಮಿ ಈಗ?"

"ಇಲ್ಲ."

"ಮತ್ತೆ ಅರ್ಜಿ ಯಾರಿಗೆ ಕೊಡೋದು?"

ಹೆಡ್‌ಮಾಸ್ಟರು ನಕ್ಕುಬಿಟ್ಟರು. "ಕೊಡೋರು, ಇಸ್ಕೊಳ್ಳೋರು ಬದಲಾಗ್ತಾರೆ ಕಣಯ್ಯ. ಅರ್ಜಿ ಇದ್ದೇ ಇದೆ."

ಗುರುಸಿದ್ದಪ್ಪನೂ ನಕ್ಕ. ಸ್ವಾತಂತ್ರ್ಯ ಬಂದ ವರ್ಷ, ಚಳವಳಿಗಾರರನ್ನು ಜೈಲಿಗೆ ತುಂಬಿದ ಕಾಲದ್ದು ಅವನಿಗೆ ಒಂದು ನೆನಪಿತ್ತು. "ಒಂದ್ಸಲ ತುಂಬಾ ಜನ ಬಂದ್ರು. ಗೋಡೆ ಆ ಕಡೆ ಹಾಡು ಹೇಳ್ತಿದ್ರು, ಜೈ ಅಂತಿದ್ರು. ಮದುವೆ ದಿಬ್ಬಣದ ಹಾಗೆ ಗಲಾಟೆ. ಆಮೇಲೆ ಒಂದಿನ ಎಲ್ಲಾ ಹೊರಟುಹೋದ್ರು. ಯಾಕೆ ಬಂದಿದ್ರು ಅಂತ ಕೇಳ್ದೆ. ‘ನಿನಗ್ಯಾಕೆ, ತಲೆ ಕೆಡಿಸ್ಕೋಬೇಡ’ ಅಂದ್ರು."

ಹೊರಡುವಾಗ ಅವನು ನನ್ನ ಕಡೆ ತಿರುಗಿದ. ನಾನು ಪತ್ರಿಕೆಯವನೆಂದು ಹೆಡ್‌ಮಾಸ್ಟರು ಹೇಳಿದ್ದರು.

"ಆ ಗಾಡಿಯವನ ಸುದ್ದಿ ನಿಮ್ಮ ಪೇಪರಲ್ಲಿ ಬಂದಿತ್ತಾ ಸ್ವಾಮಿ? ಬದುಕಿದಾನಾ?"

ನನಗೆ ಗೊತ್ತಿರಲಿಲ್ಲ. ಕಚೇರಿಗೆ ಬಂದು ನೋಡಿದೆ. 1946ರ ಆಗಸ್ಟ್ 7ರ ಸಂಚಿಕೆಯ ಐದನೇ ಪುಟದಲ್ಲಿ ಐದು ಸಾಲು: ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಲಾಗಿದೆ. ಅದರ ಮುಂದಿನ ಸುದ್ದಿಯನ್ನು ನಮ್ಮ ಪತ್ರಿಕೆ ಬರೆಯಲೇ ಇಲ್ಲ. ಬೇರೆ ಪತ್ರಿಕೆಗಳೂ ಬರೆದಿರಲಿಲ್ಲ.

ಕಡತದಲ್ಲಿದ್ದ ವಿಳಾಸ ಹಿಡಿದು ಗವಿಪುರದಲ್ಲಿ ಹುಡುಕಿದೆ. ಮೂರನೆಯ ದಿನ ಮುನಿಯಪ್ಪ ಸಿಕ್ಕ. ಐವತ್ತರ ಆಸುಪಾಸು. ಎತ್ತಿಗೆ ನೀರು ಕುಡಿಸುತ್ತಿದ್ದ. ಬಲಗೈ ಭುಜದ ಮಟ್ಟಕ್ಕಿಂತ ಮೇಲೆ ಏಳುತ್ತಿರಲಿಲ್ಲ.

"ಮೂಟೆ ಎತ್ತೋಕಾಗಲ್ಲ ಬುದ್ಧಿ. ಗಾಡಿ ಹೊಡೀತೀನಿ. ಈಗ ಅವನ ಸುದ್ದಿ ಯಾಕೆ?" ಮಾತಿನಲ್ಲಿ ಸಿಟ್ಟಿತ್ತು.

"ಅವನು ನಿಮ್ಮನ್ನ ಕೇಳ್ದ. ಬದುಕಿದೀರಾ ಅಂತ."

ಮುನಿಯಪ್ಪ ಬಕೆಟ್ ಕೆಳಗಿಟ್ಟ. "ಅವನು ಕೇಳಿದ್ನಾ? ನೀವೇ ಬಂದ್ರಾ?"

"ಅವನೇ ಕೇಳಿದ್ದು."

"ಪೊಲೀಸ್ನೋರು ಒಂದಿನ ಬಂದು ಹೆಬ್ಬೆಟ್ಟು ಒತ್ತಿಸ್ಕೊಂಡು ಹೋದ್ರು. ಆಮೇಲೆ ಇಷ್ಟು ವರ್ಷದಲ್ಲಿ ಒಬ್ರೂ ಬಂದು ಕೈ ಹೇಗಿದೆ ಅಂತ ಕೇಳಿಲ್ಲ." ಅಷ್ಟು ಹೇಳಿ ಎತ್ತಿನ ಕಡೆ ತಿರುಗಿದ. ಇದನ್ನು ನಾನು ಹೆಡ್‌ಮಾಸ್ಟರ ಮೂಲಕ ಗುರುಸಿದ್ದಪ್ಪನಿಗೆ ತಿಳಿಸಿದೆ.

ಫೆಬ್ರವರಿಯಲ್ಲಿ ಪರೀಕ್ಷೆ ನಡೆಯಿತು. ಎಂಟಕ್ಕೆ ಎಂಟು. ಪ್ರಮಾಣಪತ್ರ ಬಂತು, ಮಾರ್ಚ್ 11ಕ್ಕೆ ದಿನ ಗೊತ್ತಾಯಿತು. ಹೆಡ್‌ಮಾಸ್ಟರ ಹಳೆಯ ಶಿಷ್ಯರೊಬ್ಬರು, ಬಸವನಗುಡಿಯ ವಕೀಲರು, ಪ್ರಕರಣ ವಹಿಸಿಕೊಂಡರು. ಅವರು ಹೇಳಿದ ಮೇಲೆಯೇ ನಮಗೆ ಗೊತ್ತಾದದ್ದು, ಅಪಾಯ ಇನ್ನೂ ಮುಗಿದಿಲ್ಲವೆಂದು. ಘಟನೆಯ ದಿನ ಗುರುಸಿದ್ದಪ್ಪನಿಗೆ ಬುದ್ಧಿ ಸ್ತಿಮಿತದಲ್ಲಿರಲಿಲ್ಲ ಎಂದು ವಾದಿಸಿ ಗೆದ್ದರೆ ಅವನು ನಿರಪರಾಧಿ. ಆದರೆ ಹಾಗೆ ಬಿಡುಗಡೆಯಾದವನನ್ನು ಸರ್ಕಾರದ ಮುಂದಿನ ಆದೇಶದವರೆಗೆ ಮತ್ತೆ ಸುರಕ್ಷಿತವಾಗಿ ಇಡಬೇಕೆಂದು ಕಾನೂನು ಹೇಳುತ್ತಿತ್ತು. ಬುದ್ಧಿ ನೆಟ್ಟಗಿತ್ತು, ತಪ್ಪು ಮಾಡಿದೆ ಎಂದು ಒಪ್ಪಿಕೊಂಡರೆ ಶಿಕ್ಷೆ. ಕಳೆದ ವರ್ಷಗಳನ್ನು ಗಮನಿಸುವುದು ಬಿಡುವುದು ನ್ಯಾಯಾಧೀಶರ ಇಷ್ಟ.

"ಅಂದ್ರೆ ನಿಜ ಹೇಳಿದ್ರೆ ಇಟ್ಕೋತಾರೆ, ಸುಳ್ಳು ಹೇಳಿದ್ರೆ ಬಿಟ್ರೂ ಬಿಡಬಹುದು" ಎಂದರು ನೀಲಮ್ಮ. "ಇದೆಂಥಾ ಕೋರ್ಟು ಸ್ವಾಮಿ?"

ವಕೀಲರು ನೆಲ ನೋಡಿದರು. ಆಮೇಲೆ, "ಇನ್ನೊಂದು ದಾರಿ ಇದೆ. ಈ ಕಲಮಿನಲ್ಲಿ, ಪೆಟ್ಟು ತಿಂದವನೇ ಬಂದು ರಾಜಿಯಾಗ್ತೀನಿ ಅಂದ್ರೆ, ಮ್ಯಾಜಿಸ್ಟ್ರೇಟರು ಒಪ್ಪಿದ್ರೆ, ಕೇಸು ಅಲ್ಲಿಗೇ ಮುಗಿಯುತ್ತೆ. ಹುಚ್ಚಿತ್ತೋ ಇಲ್ವೋ ಅನ್ನೋ ಪ್ರಶ್ನೇನೇ ಬರಲ್ಲ. ಆದ್ರೆ ಆ ಗಾಡಿಯವನು ಎಲ್ಲಿದಾನೋ" ಎಂದರು.

ವಿಳಾಸ ನನ್ನ ನೋಟ್‌ಬುಕ್ಕಿನಲ್ಲಿತ್ತು. ಹೋಗಿ ಕೇಳಿದ್ದು ವಕೀಲರು ಮತ್ತು ನೀಲಮ್ಮ, ನಾನು ಹೋಗಲಿಲ್ಲ. ಮುನಿಯಪ್ಪ ಹೌದೆನ್ನಲಿಲ್ಲ, ಇಲ್ಲವೆನ್ನಲಿಲ್ಲ. "ಅವತ್ತು ಬರ್ತೀನಿ. ಅವನ ಮುಖ ನೋಡಿ ಹೇಳ್ತೀನಿ" ಎಂದನಂತೆ.

ಮಾರ್ಚ್ 11ರಂದು ಹತ್ತೂವರೆಗೆ ಗುರುಸಿದ್ದಪ್ಪನನ್ನು ಕರೆತಂದರು. ನೀಲಮ್ಮ ಒಗೆದ ಪಂಚೆ, ಅಂಗಿ ತಂದಿದ್ದರು. ಹನ್ನೊಂದಾದರೂ ಮುನಿಯಪ್ಪ ಬರಲಿಲ್ಲ. ವಕೀಲರು ಮೂರು ಸಲ ಗೇಟಿನವರೆಗೆ ಹೋಗಿಬಂದರು. ಹನ್ನೊಂದು ಹತ್ತಕ್ಕೆ ಅವನು ಮೊಗಸಾಲೆಯ ಕೊನೆಯಲ್ಲಿ ಕಾಣಿಸಿಕೊಂಡ. ಗಾಡಿ ನಿಲ್ಲಿಸಲು ನೆರಳು ಹುಡುಕುತ್ತಿದ್ದನಂತೆ. ನೇರವಾಗಿ ಬಂದು ಗುರುಸಿದ್ದಪ್ಪನ ಎದುರಿಗೆ, ಎರಡು ಮಾರು ದೂರದಲ್ಲಿ ನಿಂತ.

"ಇವತ್ತು ಕೈಯಲ್ಲೇನೂ ಇಲ್ಲ ತಾನೇ?"

ಗುರುಸಿದ್ದಪ್ಪ ಎರಡೂ ಅಂಗೈ ಬಿಡಿಸಿ ತೋರಿಸಿದ. ಪಕ್ಕದಲ್ಲಿದ್ದ ಕಾನ್‌ಸ್ಟೇಬಲ್ ನಕ್ಕ. ಮುನಿಯಪ್ಪ ನಗಲಿಲ್ಲ.

"ಸಣ್ಣಗಾಗಿದೀಯ."

"ಕೈ ಹೇಗಿದೆ ಅಣ್ಣ?"

"ಇಷ್ಟೇ ಏಳೋದು" ಎಂದು ಮುನಿಯಪ್ಪ ಎತ್ತಿ ತೋರಿಸಿದ. ಗುರುಸಿದ್ದಪ್ಪ ಅದನ್ನು ನೋಡುತ್ತ ನಿಂತ. ಕಣ್ಣು ತುಂಬಿಕೊಂಡಿತು, ಒರೆಸಿಕೊಳ್ಳಲಿಲ್ಲ. ಮುನಿಯಪ್ಪ ವಕೀಲರ ಕಡೆ ತಿರುಗಿ, "ಎಲ್ಲಿ ಒತ್ತಬೇಕು ಹೆಬ್ಬೆಟ್ಟು?" ಎಂದ.

ಹನ್ನೊಂದೂಕಾಲಿಗೆ ಮೊಕದ್ದಮೆ ಕೂಗಿದರು. ಮ್ಯಾಜಿಸ್ಟ್ರೇಟರು ಅರ್ಜಿ ಓದಿ, ಯಾರಾದರೂ ಬಲವಂತ ಮಾಡಿದರೇ ಎಂದು ಮುನಿಯಪ್ಪನನ್ನು ಕೇಳಿದರು. "ನನ್ನನ್ನ ಬಲವಂತ ಮಾಡೋಕೆ ಯಾರೂ ಬಂದೇ ಇರ್ಲಿಲ್ಲ ಸ್ವಾಮಿ, ಇಷ್ಟು ವರ್ಷ" ಎಂದ. ಮ್ಯಾಜಿಸ್ಟ್ರೇಟರು ಸ್ವಲ್ಪ ಹೊತ್ತು 1946ರ ಆದೇಶದ ಹಾಳೆಯನ್ನೇ ನೋಡಿದರು. ರಾಜಿಗೆ ಅನುಮತಿ ಕೊಟ್ಟಿದ್ದೇನೆ, ಆರೋಪಿ ಹೋಗಬಹುದು ಎಂದು ಹೇಳಿದರು. ಒಟ್ಟು ಹದಿನಾಲ್ಕು ನಿಮಿಷ.

ಗುರುಸಿದ್ದಪ್ಪ ಕಟಕಟೆಯಿಂದ ಇಳಿಯಲಿಲ್ಲ. ಕಾನ್‌ಸ್ಟೇಬಲ್ ಮುಖ ನೋಡಿ, "ಹೋಗ್ಲಾ?" ಎಂದು ಕೇಳಿದ.

"ಹೋಗಪ್ಪ. ನಿನ್ನ ಅಕ್ಕ ಕಾಯ್ತಿದಾರೆ."

ನೀಲಮ್ಮ ಅವನ ಮಣಿಕಟ್ಟು ಹಿಡಿದುಕೊಂಡರು. ಚಾಮರಾಜಪೇಟೆಯವರೆಗೆ ಮುನಿಯಪ್ಪನ ಗಾಡಿಯಲ್ಲೇ ಹೋದರು.

ಮರುದಿನ ನಾಲ್ಕನೆಯ ಪುಟದಲ್ಲಿ ನನ್ನ ವರದಿ ಹನ್ನೊಂದು ಸಾಲು ಬಂತು. ಹೆಸರು, ಕಡತದ ನಂಬರು, ತಾರೀಖು ಮೂರೂ ಇದ್ದವು. ಆ ಪ್ರಕರಣದಿಂದ ನಾನು ಕಲಿತದ್ದು ಕೆಲಸದ ಎರಡು ಪಾಠಗಳನ್ನು ಮಾತ್ರ. ಒಬ್ಬರ ಉತ್ತರ ತಪ್ಪೆನಿಸಿದರೆ, ಅವರಿಗೆ ಕೊನೆಯ ಸುದ್ದಿ ಮುಟ್ಟಿದ್ದು ಯಾವಾಗ ಎಂದು ಮೊದಲು ವಿಚಾರಿಸಬೇಕು. ಐದು ಸಾಲಿನ ಸುದ್ದಿ ಬರೆದವನು ಆರನೆಯ ಸಾಲಿಗಾಗಿ ಒಮ್ಮೆ ಹಿಂತಿರುಗಿ ಹೋಗಬೇಕು.

ಆ ವರ್ಷದ ಜೂನಿನಿಂದ ವಾರ್ಡಿಗೆ ಒಂದು ದಿನ ತಡವಾಗಿ ಪತ್ರಿಕೆ ಹೋಗತೊಡಗಿತು. ಗುರುಸಿದ್ದಪ್ಪ ಚಾಮರಾಜಪೇಟೆಯ ಎಣ್ಣೆ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿದ. ಅನಂತರಾಮಯ್ಯನವರು 1957ರಲ್ಲಿ ತೀರಿಕೊಂಡರು. ವಾರ್ಡಿನಲ್ಲಿ ಅವನ ಹಾಗೆಯೇ ವಿಚಾರಣೆ ನಿಂತುಹೋಗಿದ್ದ ಇನ್ನೂ ನಾಲ್ವರಿದ್ದರು. ಇಬ್ಬರು 1954ರೊಳಗೆ ಹೊರಗೆ ಬಂದರು. ಒಬ್ಬ ಅಲ್ಲಿಯೇ ಕಾಯಿಲೆಯಿಂದ ಸತ್ತ. ನಾಲ್ಕನೆಯವನಿಗೆ ಬಂಧುಗಳಿರಲಿಲ್ಲ, ಅವನ ಕಡತ ಯಾವ ನ್ಯಾಯಾಲಯದಲ್ಲಿದೆ ಎಂಬುದು ನಾನು ನ್ಯಾಯಾಲಯದ ವರದಿಗಾರಿಕೆ ಬಿಟ್ಟ 1959ರವರೆಗೂ ಪತ್ತೆಯಾಗಿರಲಿಲ್ಲ. ಜೈಲಿನ ಭೇಟಿ ಪುಸ್ತಕದಲ್ಲಿ ಅವನನ್ನು ನೋಡಲು ಬಂದವರ ಹೆಸರು ಪ್ರತಿ ತಿಂಗಳೂ ಒಂದೇ: ಗುರುಸಿದ್ದಪ್ಪ, ಚಾಮರಾಜಪೇಟೆ. ಸಂಬಂಧ ಎಂಬ ಅಂಕಣದಲ್ಲಿ, ಸ್ನೇಹಿತ.